ನೀರಿನ ದೋಷವೋ ನೆತ್ತರಿನದೋ: ಸಾರ್ವಜನಿಕ ಆರೋಗ್ಯದ ತಳಿವಿಜ್ಞಾನ ಮತ್ತು ನಮ್ಮ ಸ್ನಾತಕೋತ್ತರ ಓದು

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಮಗುವಿನ ಮಂಡಿ ಬಾಗಿದೆ ಎಂದರೆ ಊರವರ ಬಾಯಲ್ಲಿ ಮೊದಲು ಬರುವ ಕಾರಣ ನೀರು. ಕೊಳವೆಬಾವಿಯ ಫ್ಲೋರೈಡ್ ನೀರು. ಅದು ಸುಳ್ಳಲ್ಲ. ಚಿತ್ರದುರ್ಗ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದು ದಶಕಗಳಿಂದ ಗೊತ್ತಿರುವ ಸಂಗತಿ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಸಿಗದ ಕಡೆ 1.5ರವರೆಗೆ ಒಪ್ಪಬಹುದು ಎನ್ನುತ್ತದೆ ಭಾರತೀಯ ಮಾನಕ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವೈದ್ಯರು 1973ರಲ್ಲೇ, ಫ್ಲೋರೈಡ್ ಸೀಮೆಯ ಮಕ್ಕಳಲ್ಲಿ ಎರಡೂ ಮಂಡಿ ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವುದನ್ನು ಲೋಕಕ್ಕೆ ತಿಳಿಸಿದ್ದರು.

ಆದರೆ ಬಾಗಿದ ಮಂಡಿಗೆ ಕಾರಣ ಅದೊಂದೇ ಅಲ್ಲ. ವಿಟಮಿನ್ ಡಿ, ಕ್ಯಾಲ್ಸಿಯಂ ಸಾಲದೆ ಬರುವ ರಿಕೆಟ್ಸ್ ಇದೆ. ಮೂತ್ರಪಿಂಡ ರಂಜಕವನ್ನು ಸೋರಿಸಿಬಿಡುವ, ವಂಶದಲ್ಲಿ ಹರಿದು ಬರುವ ಇನ್ನೊಂದು ರಿಕೆಟ್ಸ್ ಇದೆ. ಮೂಳೆ ಬೆಳೆಯುವ ಕ್ರಮವೇ ಹುಟ್ಟಿನಿಂದ ಹದ ತಪ್ಪಿರುವ ಕಾಯಿಲೆಗಳೂ ಇವೆ. ಮಗುವನ್ನು ಸುಮ್ಮನೆ ನೋಡಿದರೆ ಎಲ್ಲವೂ ಒಂದೇ ಥರ ಕಾಣಬಹುದು. ಮದ್ದು ಮಾತ್ರ ಒಂದೇ ಅಲ್ಲ. ಮೊದಲನೆಯದಕ್ಕೆ ಊರಿನ ನೀರು ಬದಲಾಗಬೇಕು. ಎರಡನೆಯದಕ್ಕೆ ಅಗ್ಗದ ಔಷಧಿ ಸಾಕು. ಮೂರನೆಯದಕ್ಕೆ ರಂಜಕದ ಔಷಧಿಯನ್ನು ವರ್ಷಾನುಗಟ್ಟಲೆ ಕೊಡಬೇಕು, ಇಷ್ಟಿಷ್ಟು ದಿನಕ್ಕೊಮ್ಮೆ ರಕ್ತಪರೀಕ್ಷೆ ಆಗಬೇಕು. ನಾಲ್ಕನೆಯದಕ್ಕೆ ಗುಳಿಗೆ ಇಲ್ಲ. ಅಲ್ಲಿ ಬೇಕಾದದ್ದು ಶಸ್ತ್ರಚಿಕಿತ್ಸಕ, ಊರುಗೋಲು, ಅಂಗವಿಕಲರ ಪಿಂಚಣಿ, ಜೊತೆಗೆ ಮುಂದಿನ ಮಗುವಿನ ಬಗ್ಗೆ ತಾಯಿತಂದೆಯ ಎದುರು ಕೂತು ನಿಧಾನವಾಗಿ ಆಡಬೇಕಾದ ಮಾತು.

ಈ ನಾಲ್ಕನ್ನೂ ತಾಲ್ಲೂಕಿನ ಮಟ್ಟದಲ್ಲಿ ಬೇರೆ ಬೇರೆ ಮಾಡಿ ನೋಡಬಲ್ಲವರು ಯಾರು? ನೀರಿನ ಪರೀಕ್ಷೆ ಗ್ರಾಮೀಣ ಕುಡಿಯುವ ನೀರಿನ ಇಲಾಖೆಯದು. ಮಗುವಿನ ತೂಕ ಅಂಗನವಾಡಿಯದು. ರಕ್ತ ತಾಲ್ಲೂಕು ಆಸ್ಪತ್ರೆಯ ಲ್ಯಾಬಿನದು. ವಂಶವಾಹಿಯ ಪರೀಕ್ಷೆ ಬೆಂಗಳೂರಿನದು. ಮನೆತನದ ಚರಿತ್ರೆ ಮಾತ್ರ ಯಾರದೂ ಅಲ್ಲ. ಈ ಎಳೆಗಳನ್ನು ಒಂದೆಡೆ ಹಿಡಿದು ನೋಡುವ ವಿದ್ಯೆಗೆ ಸಾರ್ವಜನಿಕ ಆರೋಗ್ಯ ತಳಿವಿಜ್ಞಾನ ಎಂದು ಹೆಸರು. ಹೊರದೇಶಗಳಲ್ಲಿ ಅದಕ್ಕೆ ಸ್ನಾತಕೋತ್ತರ ಪದವಿಗಳಿವೆ. ನಮ್ಮಲ್ಲಿ ಅದು ಚೂರುಚೂರಾಗಿ ಹಲವು ವಿಭಾಗಗಳಲ್ಲಿ ಹಂಚಿಹೋಗಿದೆ.

ಈ ವಿದ್ಯೆ ಕರ್ನಾಟಕಕ್ಕೆ ಯಾಕೆ ಬೇಕು ಎನ್ನುವುದಕ್ಕೆ ಹಂದಿಗೋಡಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಸಾಗರ ತಾಲ್ಲೂಕಿನ ಆ ಹಳ್ಳಿಯ ದಲಿತ ಕೇರಿಗಳಲ್ಲಿ 1970ರ ದಶಕದ ನಡುವೆ ಜನ ಸೊಂಟ, ಮಂಡಿಗಳ ನೋವಿನಿಂದ ಕುಂಟಲು ಶುರು ಮಾಡಿದ್ದು ಹೊರಗಿನವರ ಗಮನಕ್ಕೆ ಬಂತು. ಕೆಲವರು ಕುಳ್ಳಾಗಿಯೇ ಉಳಿದರು, ಕೆಲವರು ತೆವಳುವ ಸ್ಥಿತಿಗೆ ಬಂದರು. ಆಗ ಎದ್ದ ಮೊದಲ ಅನುಮಾನ ಕೀಟನಾಶಕದ್ದು: ಔಷಧಿ ಹೊಡೆದ ಗದ್ದೆಯ ಏಡಿ, ಮೀನು ತಿಂದದ್ದೇ ಕಾರಣವಿರಬೇಕು ಎಂದು. ಹಸಿರು ಕ್ರಾಂತಿಯ ಕಾಲ. ಅನುಮಾನಕ್ಕೆ ತಕ್ಕ ಹವೆಯೂ ಇತ್ತು. ಪೋಷಣಾ ಸಂಸ್ಥೆಯವರು ಬಂದರು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ಬಂದರು, ನೀರು, ಮಣ್ಣು, ಆಹಾರ, ರಕ್ತ ಎಲ್ಲವೂ ಪರೀಕ್ಷೆಗೆ ಹೋದವು. ಕಡೆಗೆ ಮನೆಮನೆಯ ವಂಶವೃಕ್ಷ ಬರೆದು ಹೋಲಿಸಿದಾಗ ಕಾಯಿಲೆ ಚನ್ನಂಗಿ, ಛಲವಾದಿ ಸಮುದಾಯಗಳ ಕೆಲವು ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಸಾಗುತ್ತಿರುವುದು ಸ್ಪಷ್ಟವಾಯಿತು. ತಂದೆತಾಯಿಯರಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ ಇರುವ ಮೂಳೆಯ ಕಾಯಿಲೆ ಅದು.

ಹಂದಿಗೋಡಿನಲ್ಲಿ ಗಮನಿಸಬೇಕಾದದ್ದು ವಿಜ್ಞಾನಿಗಳು ತಡವಾಗಿ ಉತ್ತರ ಕಂಡುಕೊಂಡರು ಎಂಬುದನ್ನಲ್ಲ. ಮೊದಲು ಕೀಟನಾಶಕವನ್ನು ಅನುಮಾನಿಸಿದ್ದು ತಪ್ಪೂ ಅಲ್ಲ. ಒಂದೇ ಕೇರಿಯ ಜನ ಒಂದೇ ನೀರು ಕುಡಿಯುತ್ತಾರೆ, ಒಂದೇ ಗದ್ದೆಯಲ್ಲಿ ದುಡಿಯುತ್ತಾರೆ, ಒಂದೇ ಬಡತನ ಉಣ್ಣುತ್ತಾರೆ, ತಮ್ಮತಮ್ಮಲ್ಲೇ ಹೆಣ್ಣು ಕೊಟ್ಟು ತರುತ್ತಾರೆ. ಜಾತಿಯ ಸಮಾಜದಲ್ಲಿ ಪರಿಸರವೂ ವಂಶವೂ ಒಂದೇ ಕೇರಿಯೊಳಗೆ ಇರುತ್ತವೆ. ಅವೆರಡನ್ನೂ ಬಿಡಿಸಲು ಪ್ರಯೋಗಾಲಯಕ್ಕಿಂತ ಮೊದಲು ಬೇಕಾಗುವುದು ಮನೆಮನೆ ತಿರುಗಿ ಯಾರಿಗೆ ಯಾರು ಏನಾಗಬೇಕು ಎಂದು ಬರೆದುಕೊಳ್ಳುವ ತಾಳ್ಮೆ. ಹಂದಿಗೋಡಿನ ಗೊಂದಲ ಚಳ್ಳಕೆರೆ ಸೀಮೆಯಲ್ಲಿ ತಲೆಕೆಳಗಾಗಿ ನಡೆಯಬಹುದು ಎನ್ನುವುದು ನನ್ನ ಆತಂಕ. ಅಲ್ಲಿ ಫ್ಲೋರೈಡ್ ನಿಜವಾಗಿಯೂ ಇದೆ. ಇರುವುದರಿಂದಲೇ ಎಲ್ಲ ಬಾಗಿದ ಮೂಳೆಯನ್ನೂ ಅದರ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವುದು ಸುಲಭ. ರಂಜಕ ಸೋರುವ ರಿಕೆಟ್ಸನ್ನೇ ನೋಡಿ. ಅದರ ಬಹುಪಾಲು ಪ್ರಕರಣಗಳಲ್ಲಿ ದೋಷ ಎಕ್ಸ್ ವರ್ಣತಂತುವಿನದು. ಹಾಗಾಗಿ ಕಾಯಿಲೆಯಿರುವ ಅಪ್ಪನಿಂದ ಎಲ್ಲ ಹೆಣ್ಣುಮಕ್ಕಳಿಗೂ ಬರುತ್ತದೆ, ಒಬ್ಬ ಗಂಡುಮಗನಿಗೂ ಬರುವುದಿಲ್ಲ. ನೀರು ಮಗಳನ್ನು ಆರಿಸಿ ಮಗನನ್ನು ಬಿಡುವುದಿಲ್ಲವಲ್ಲ. ಮೂರು ಪ್ರಶ್ನೆ ಕೇಳಿದರೆ ಹೊಳೆಯುವ ಸುಳಿವು ಇದು. ಆ ಮೂರು ಪ್ರಶ್ನೆ ಕೇಳುವವರಿಲ್ಲ.

ಈ ಶಾಸ್ತ್ರದ ಹುಟ್ಟಿನ ಕತೆ ಚಿಕ್ಕದು. 1997ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ತಳಿವಿಜ್ಞಾನಕ್ಕೆಂದೇ ಒಂದು ಕಚೇರಿ ತೆರೆಯಿತು. ಅದೇ ವರ್ಷ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಸಾರ್ವಜನಿಕ ಆರೋಗ್ಯ ತಳಿವಿಜ್ಞಾನದ ಘಟಕ ಶುರುವಾಯಿತು, ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯ ಇದರ ಪಾಠಕ್ಕೇ ಒಂದು ಸಂಸ್ಥೆ ಕಟ್ಟಿತು. ಮನುಷ್ಯನ ಜೀನೋಮ್ ಓದಿ ಮುಗಿಯುವ ಹೊತ್ತಿಗೆ ಅದನ್ನು ಜನಾರೋಗ್ಯಕ್ಕೆ ಬಳಸಬಲ್ಲವರು ತಯಾರಿರಬೇಕು ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ತಳಿವಿಜ್ಞಾನ, ರೋಗವ್ಯಾಪ್ತಿಶಾಸ್ತ್ರ, ಸಂಖ್ಯಾಶಾಸ್ತ್ರ, ಕಾನೂನು, ನೀತಿಶಾಸ್ತ್ರ ಎಲ್ಲವನ್ನೂ ಒಬ್ಬನೇ ವಿದ್ಯಾರ್ಥಿಗೆ ಕಲಿಸುವುದು ಈ ಪದವಿಗಳ ಹೆಚ್ಚುಗಾರಿಕೆ. ಕಾಕತಾಳೀಯವೆಂಬಂತೆ ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯ ಅಚ್ಯುತ ಮೆನನ್ ಕೇಂದ್ರ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ, ಅಂದರೆ ಎಂಪಿಎಚ್, ಆರಂಭಿಸಿದ್ದೂ 1997ರಲ್ಲೇ. ಅಲ್ಲಿಂದಾಚೆ ನಮ್ಮಲ್ಲಿ ಎಂಪಿಎಚ್ ಬೆಳೆಯಿತು, ತಳಿವಿಜ್ಞಾನವೂ ಬೆಳೆಯಿತು. ಎರಡೂ ಒಂದನ್ನೊಂದು ಸಂಧಿಸಲಿಲ್ಲ.

ಸಂಧಿಸಲೇಬೇಕಾದ ಜಾಗ ಮದುವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಂಬಂಧದೊಳಗಿನ ಮದುವೆಗಳ ಪ್ರಮಾಣ ಶೇ 11. ಕರ್ನಾಟಕದಲ್ಲಿ ಶೇ 27. ನಮಗಿಂತ ತುಸು ಮುಂದಿರುವುದು ತಮಿಳುನಾಡು ಮಾತ್ರ. ಉತ್ತರ ಭಾರತದ ಹಿಂದೂಗಳಲ್ಲಿ ಊಹಿಸಲೂ ಆಗದ ಸೋದರಮಾವ–ಅಕ್ಕನ ಮಗಳ ಮದುವೆ ನಮ್ಮಲ್ಲಿ ಸಹಜ ನಂಟು. 1955ರ ಹಿಂದೂ ವಿವಾಹ ಕಾಯ್ದೆ ಕೂಡ ಹತ್ತಿರದ ಸಂಬಂಧವನ್ನು ನಿಷೇಧಿಸುತ್ತಲೇ ರೂಢಿ ಇದ್ದಲ್ಲಿ ವಿನಾಯಿತಿ ಕೊಟ್ಟಿದೆ. 1928ರಿಂದ ಸಂಪುಟಗಳಾಗಿ ಹೊರಬಂದ ನಂಜುಂಡಯ್ಯ–ಅನಂತಕೃಷ್ಣ ಅಯ್ಯರ್ ಅವರ ಮೈಸೂರು ಬುಡಕಟ್ಟು ಮತ್ತು ಜಾತಿಗಳ ಗ್ರಂಥವನ್ನು ತಿರುವಿದರೆ ಯಾವ ಜಾತಿಯಲ್ಲಿ ಯಾರ ಮಗಳನ್ನು ತರಬಹುದು, ಯಾವ ಬೆಡಗಿನವರು, ಅಂದರೆ ಯಾವ ಕುಲದವರು, ಅಣ್ಣತಮ್ಮಂದಿರು ಎಂಬ ವಿವರಗಳು ಪುಟಗಟ್ಟಲೆ ಸಿಗುತ್ತವೆ. ಚಳ್ಳಕೆರೆ, ಮೊಳಕಾಲ್ಮೂರಿನ ಮ್ಯಾಸಬೇಡರಲ್ಲಾಗಲಿ, ಕಾಡುಗೊಲ್ಲರಲ್ಲಾಗಲಿ ಬೆಡಗಿನ ನಿಯಮ ಇವತ್ತಿಗೂ ಗಟ್ಟಿ. ಒಂದೇ ಬೆಡಗಿನಲ್ಲಿ ಕೊಟ್ಟು ತರುವಂತಿಲ್ಲ. ಅಂದರೆ ಈ ಜನ ರಕ್ತಸಂಬಂಧದ ಬಗ್ಗೆ ಲೆಕ್ಕವಿಲ್ಲದೆ ಬದುಕಿದವರಲ್ಲ. ಅವರ ಲೆಕ್ಕ ತಂದೆಯ ಕಡೆಯದು. ವಂಶವಾಹಿಗೆ ತಾಯಿಯ ಕಡೆಯೂ ಅಷ್ಟೇ ಹತ್ತಿರ.

ಅಪಾಯ ಎಷ್ಟು? ಭಾಷಣಗಳಲ್ಲಿ ಅದನ್ನು ಹಿಗ್ಗಿಸಿ ಹೇಳುವುದೇ ರೂಢಿ. ಲೆಕ್ಕ ಹಾಕಿಯೇ ನೋಡೋಣ. ನೂರರಲ್ಲಿ ಒಬ್ಬರು ಯಾವುದೋ ಒಂದು ಸುಪ್ತ ದೋಷದ ವಾಹಕರು ಎಂದುಕೊಳ್ಳಿ. ವಾಹಕರಿಗೆ ಕಾಯಿಲೆ ಇರುವುದಿಲ್ಲ. ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ನಂಟಿಲ್ಲದ ಇಬ್ಬರು ಮದುವೆಯಾದರೆ 40,000 ಮಕ್ಕಳಲ್ಲಿ ಒಂದಕ್ಕೆ ಆ ಕಾಯಿಲೆ. ಅತ್ತೆಯ ಮಗ, ಮಾವನ ಮಗಳು ಮದುವೆಯಾದರೆ ಸುಮಾರು 3,000ದಲ್ಲಿ ಒಂದಕ್ಕೆ. ಸೋದರಮಾವನನ್ನೇ ಮದುವೆಯಾದರೆ ಸುಮಾರು 1,500ರಲ್ಲಿ ಒಂದಕ್ಕೆ. ಹೆಚ್ಚಳ ಬಹಳ ದೊಡ್ಡದು. ಆದರೂ ಸಂಬಂಧದಲ್ಲಿ ಮದುವೆಯಾದ ಬಹುಪಾಲು ಮನೆಗಳಲ್ಲಿ ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ. ಲೋಕದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಅಲನ್ ಬಿಟ್ಲ್ಸ್ ಅವರ ಪ್ರಕಾರ, ಸೋದರ ಸಂಬಂಧಿಗಳ ಮಕ್ಕಳಲ್ಲಿ ಸಾವಿನ ಪ್ರಮಾಣ ಉಳಿದವರಿಗಿಂತ ನೂರಕ್ಕೆ ಸುಮಾರು ಮೂರೂವರೆಯಷ್ಟು ಹೆಚ್ಚು. ತಮ್ಮ ಅಕ್ಕ, ಅಣ್ಣ, ಚಿಕ್ಕಪ್ಪ ಎಲ್ಲರ ಮಕ್ಕಳೂ ಚೆನ್ನಾಗಿರುವುದನ್ನು ಕಣ್ಣಾರೆ ಕಂಡವರ ಮುಂದೆ ನಿಂತು ಕುರುಡು ಕುಂಟು ಮಕ್ಕಳೇ ಹುಟ್ಟುತ್ತವೆ ಎಂದು ಹೆದರಿಸಿದರೆ ಅವರು ನಂಬುವುದಿಲ್ಲ. ನಂಬಬೇಕಾಗಿಯೂ ಇಲ್ಲ.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ, ಹೆಚ್ಚು ಜನ ಅದನ್ನು ಹೇಳುವುದಿಲ್ಲ. ಯಾವುದಾದರೊಂದು ಜಾತಿಯಲ್ಲಿ, ಮೂಲಪುರುಷರು ಕೆಲವೇ ಮಂದಿ ಇದ್ದ ಕಾರಣಕ್ಕೆ, ವಾಹಕರ ಪ್ರಮಾಣ ಇಪ್ಪತ್ತರಲ್ಲಿ ಒಬ್ಬರು ಎಂದುಕೊಳ್ಳಿ. ಆಗ ಅದೇ ಜಾತಿಯಲ್ಲಿ ದೂರದ ಊರಿನ, ಗುರುತೇ ಇಲ್ಲದ ಮನೆಯಿಂದ ಹೆಣ್ಣು ತಂದರೂ 1,600 ಮಕ್ಕಳಲ್ಲಿ ಒಂದಕ್ಕೆ ಕಾಯಿಲೆ ಬರುತ್ತದೆ. ಮೊದಲ ಉದಾಹರಣೆಯಲ್ಲಿ ಸೋದರಮಾವನನ್ನು ಮದುವೆಯಾದಷ್ಟೇ ಅಪಾಯ ಇದು. ಸಂಬಂಧ ಬಿಟ್ಟು ಮದುವೆಯಾಗಿ ಎನ್ನುವ ಆರೋಗ್ಯ ಇಲಾಖೆ ಜಾತಿ ಬಿಟ್ಟು ಮದುವೆಯಾಗಿ ಎನ್ನಲು ಬಾಯಿ ಬಿಡುವುದಿಲ್ಲ. ತಳಿವಿಜ್ಞಾನ ಹೇಳುತ್ತಿರುವುದು ಎರಡನ್ನೂ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಸಮುದಾಯಗಳನ್ನು ನೋಡಿ, ಅವುಗಳಲ್ಲಿ 81 ಸಮುದಾಯಗಳಿಗೆ ಮೂಲಪುರುಷರ ಕೊರತೆಯ ಈ ಪರಿಣಾಮ ಫಿನ್‌ಲೆಂಡಿನವರಿಗಿಂತ, ಯುರೋಪಿನ ಅಶ್ಕೆನಾಝಿ ಯಹೂದಿಗಳಿಗಿಂತ ಹೆಚ್ಚು ತಟ್ಟಿದೆ ಎಂದಿತು. ಅದರಲ್ಲಿ ಎದ್ದು ಕಂಡ ಉದಾಹರಣೆ ಆರ್ಯವೈಶ್ಯರದು. ಶಸ್ತ್ರಚಿಕಿತ್ಸೆಗೆ ಮುನ್ನ ಸ್ನಾಯು ಸಡಿಲಿಸಲು ಕೊಡುವ ಒಂದು ಔಷಧಿಯನ್ನು ಕರಗಿಸುವ ಕಿಣ್ವ ಆ ಸಮುದಾಯದ ಕೆಲವರಲ್ಲಿ ಇರುವುದಿಲ್ಲ. ಹಾಗಾಗಿ ಅರಿವಳಿಕೆಯ ನಂತರ ಉಸಿರಾಟ ತಾನಾಗಿ ಮರಳಲು ಬಹಳ ತಡವಾಗುತ್ತದೆ. ದಕ್ಷಿಣ ಭಾರತದ ಅರಿವಳಿಕೆ ತಜ್ಞರು ಇದನ್ನು ಅನುಭವದಿಂದಲೇ ಬಲ್ಲರು. ಎಣ್ಣೆ ಮಿಲ್ಲುಗಳ ಊರಾದ ಚಳ್ಳಕೆರೆಯ ಪೇಟೆಯಲ್ಲೂ ಈ ಸಮುದಾಯದ ಮನೆಗಳಿವೆ. ಆಪರೇಷನ್‌ಗೆ ಮುಂಚೆ ಮನೆತನದ ಬಗ್ಗೆ ಒಂದು ಪ್ರಶ್ನೆ, ಅಗತ್ಯ ಬಿದ್ದರೆ ಬೇರೆ ಔಷಧಿ, ಅಷ್ಟರಲ್ಲಿ ಮುಗಿಯುವ ಮುನ್ನೆಚ್ಚರಿಕೆ ಇದು. ತಳಿವಿಜ್ಞಾನ ಜನಾರೋಗ್ಯಕ್ಕೆ ಇಳಿಯುವುದು ಎಂದರೆ ಹೆಚ್ಚಾಗಿ ಇಷ್ಟು ಸರಳ.

ಕರ್ನಾಟಕ ಈ ದಾರಿಯಲ್ಲಿ ಒಂದು ಕಾಲಕ್ಕೆ ದೇಶಕ್ಕಿಂತ ಮುಂದಿತ್ತು ಎನ್ನುವುದನ್ನು ಈಗಿನ ವಿದ್ಯಾರ್ಥಿಗಳು ತಿಳಿದಿರಬೇಕು. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದ ಎನ್. ಅಪ್ಪಾಜಿರಾವ್, ಎಚ್.ಎಸ್. ಸಾವಿತ್ರಿ, ಅವರ ಜೊತೆ ಎ. ರಾಧಾರಮಾದೇವಿ, ಬಿಟ್ಲ್ಸ್ ಮೊದಲಾದವರು ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ಹುಟ್ಟಿದ ಶಿಶುಗಳ ಹಿಮ್ಮಡಿಯಿಂದ ರಕ್ತದ ಹನಿ ತೆಗೆದು ಅಮೈನೋ ಆಮ್ಲಗಳ ದೋಷ ಹುಡುಕಿದರು. ಲಕ್ಷದ ಆಸುಪಾಸು ಶಿಶುಗಳು. ದೇಶದಲ್ಲಿ ಅಷ್ಟು ದೊಡ್ಡದಾಗಿ ನವಜಾತ ಶಿಶು ತಪಾಸಣೆ ನಡೆದದ್ದು ಅದೇ ಮೊದಲು. ತಪಾಸಣೆಯ ಜೊತೆಗೇ ತಾಯಂದಿರನ್ನು ಮದುವೆಯ ನಂಟು ಕೇಳಿ ಬರೆದುಕೊಂಡದ್ದರಿಂದ ರಾಜ್ಯದ ಮದುವೆಗಳಲ್ಲಿ ಸುಮಾರು ಮೂರರಲ್ಲಿ ಒಂದು ಸಂಬಂಧದೊಳಗಿನದು ಎಂಬ ಅಂಕಿಯೂ ಹೊರಬಂತು. ಲೋಕದ ಪಠ್ಯಪುಸ್ತಕಗಳು ಈ ಅಂಕಿಯನ್ನು ಬಳಸಿಕೊಂಡವು. ಆ ಕೆಲಸ ರಾಜ್ಯದ ಪ್ರತಿ ಶಿಶುವಿನ ಹಕ್ಕಾಗಿ ಮಾತ್ರ ಬೆಳೆಯಲಿಲ್ಲ. 2008ರಲ್ಲಿ ಸರ್ಕಾರಿ ಮಟ್ಟದಲ್ಲಿ ನವಜಾತ ತಪಾಸಣೆಗೆ ಕೈಹಾಕಿದ್ದು ಪಕ್ಕದ ಗೋವಾ. ಹುಟ್ಟಿನಲ್ಲೇ ಥೈರಾಯ್ಡ್ ಕೊರತೆ ಇರುವ ಶಿಶುಗಳು ನಮ್ಮ ದೇಶದಲ್ಲಿ 1,130ರಲ್ಲಿ ಒಂದು ಎಂದು ವೈದ್ಯಕೀಯ ಸಂಶೋಧನಾ ಮಂಡಳಿಯ ಬಹುಕೇಂದ್ರ ಅಧ್ಯಯನ ಕಂಡುಕೊಂಡಿದೆ. ಅದೆಲ್ಲವೂ ವಂಶದಿಂದ ಬರುವುದಲ್ಲ, ನಿಜ. ಆದರೆ ಮೊದಲ ವಾರಗಳಲ್ಲೇ ಗೊತ್ತಾದರೆ ಅಗ್ಗದ ಗುಳಿಗೆಯಿಂದ ಮಗುವಿನ ಬುದ್ಧಿ ಉಳಿಯುತ್ತದೆ. ತಡವಾದರೆ ಯಾವ ಗುಳಿಗೆಯೂ ಅದನ್ನು ಮರಳಿ ತರುವುದಿಲ್ಲ.

ಹಾಗಾದರೆ ಚಳ್ಳಕೆರೆಯ ಕಾಲೇಜಿನಲ್ಲಿ ಬಿಎಸ್ಸಿ ಮುಗಿಸಿದ ಹುಡುಗಿಯೊಬ್ಬಳು ಈ ವಿದ್ಯೆ ಕಲಿಯಬೇಕೆಂದರೆ ಎಲ್ಲಿಗೆ ಹೋಗಬೇಕು? ಮಾನಸಗಂಗೋತ್ರಿಯಲ್ಲಿ ತಳಿವಿಜ್ಞಾನ ಮತ್ತು ಜೀನೋಮ್ ಅಧ್ಯಯನ ವಿಭಾಗವಿದೆ. ಬೇರು ಗಟ್ಟಿ, ಒಲವು ಪ್ರಯೋಗಾಲಯದ ಕಡೆಗೆ. ಮಣಿಪಾಲದಲ್ಲಿ ಎರಡೂ ಇವೆ: ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ವೈದ್ಯಕೀಯ ತಳಿವಿಜ್ಞಾನ ವಿಭಾಗದಲ್ಲಿ ಆಪ್ತಸಮಾಲೋಚನೆಯ ಎಂಎಸ್ಸಿ, ಪ್ರಸನ್ನ ಶಾಲೆಯಲ್ಲಿ ಎಂಪಿಎಚ್. ಆದರೆ ಖಾಸಗಿ ಶುಲ್ಕ ಮೊಳಕಾಲ್ಮೂರಿನ ನೇಕಾರರ ಮನೆಯಿಂದ ಬಂದವಳಿಗೆ ಎಟುಕುವುದು ಕಷ್ಟ. ನಿಮ್ಹಾನ್ಸ್‌ನ ಎಂಪಿಎಚ್ ಸರ್ಕಾರಿ, ಸೀಟು ಕೆಲವೇ. ಅಚ್ಯುತ ಮೆನನ್ ಕೇಂದ್ರದ ಪದವಿಗೆ ದೇಶದಲ್ಲೆಲ್ಲ ಮರ್ಯಾದೆಯಿದೆ. ಈ ಎಂಪಿಎಚ್‌ಗಳಲ್ಲಿ ತಳಿವಿಜ್ಞಾನ ಮುಖ್ಯ ಪಾಠವಲ್ಲ. ಎಂಬಿಬಿಎಸ್, ಎಂಡಿ ದಾಟಿದವರಿಗೆ ವೈದ್ಯಕೀಯ ತಳಿವಿಜ್ಞಾನದ ಡಿಎಂ ಇದೆ, ದೇಶಕ್ಕೆಲ್ಲ ಬೆರಳೆಣಿಕೆಯ ಸೀಟು. ವಿದೇಶದ ಪದವಿಗಳ ಬಗ್ಗೆ ಹೆಚ್ಚು ಬರೆಯುವ ಅಗತ್ಯ ಕಾಣುವುದಿಲ್ಲ. ಅಲ್ಲಿಗೆ ಹೋಗಿ ಓದಿದವರು ಚಳ್ಳಕೆರೆಗೆ ಮರಳಿ ಬರುವ ಹಾಗೆ ಇಲ್ಲಿ ಹುದ್ದೆಯೇ ಇಲ್ಲ.

ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರವನ್ನು ಮಾತ್ರ ಬೇರೆಯಾಗಿ ಹೆಸರಿಸಬೇಕು. ವಿಜ್ಞಾನ ಸಂಸ್ಥೆಯ ಎಚ್. ಶರತ್ ಚಂದ್ರ ಅವರ ಮುಂದಾಳತ್ವದಲ್ಲಿ, ರಾಜ್ಯ ಸರ್ಕಾರದ ಬೆಂಬಲದಿಂದ ಹುಟ್ಟಿದ ಸಂಸ್ಥೆ ಇದು. ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆಯ ಜೊತೆಗೂಡಿ, 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ ಉತ್ಕೃಷ್ಟತಾ ಕೇಂದ್ರವಾಗಿದೆ. ಆ ನೀತಿಯಡಿ ರೋಗಿಗೆ ಗರಿಷ್ಠ 50 ಲಕ್ಷ ರೂಪಾಯಿವರೆಗೆ ನೆರವಿದೆ. ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರದ ಮಗುವೊಂದಕ್ಕೆ ಅಪರೂಪದ ಕಾಯಿಲೆ ಇದೆ ಎಂದು ಪರಶುರಾಂಪುರದಲ್ಲಿ ಯಾರಾದರೂ ಅನುಮಾನಿಸಿದರೆ ಮಾತ್ರ ಆ 50 ಲಕ್ಷದ ದಾರಿ ತೆರೆಯುತ್ತದೆ ಎನ್ನುವುದು ಬೇರೆ ಮಾತು.

ಅನುಮಾನಿಸುವವರನ್ನು ತಯಾರು ಮಾಡುವ ಪ್ರಯತ್ನ ಇಲ್ಲವೇ ಇಲ್ಲ ಎನ್ನುವಂತಿಲ್ಲ. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಬಂದು ಹುಟ್ಟುದೋಷಗಳೂ ಸೇರಿದಂತೆ 30 ಸಮಸ್ಯೆಗಳನ್ನು ಹುಡುಕುತ್ತವೆ. ಜೈವಿಕ ತಂತ್ರಜ್ಞಾನ ಇಲಾಖೆಯ ‘ಉಮ್ಮೀದ್’ ಯೋಜನೆ 2019ರಲ್ಲಿ ಹಿಂದುಳಿದ ಕೆಲವು ಜಿಲ್ಲೆಗಳನ್ನು ಆಯ್ದುಕೊಂಡಾಗ ಅದರಲ್ಲಿ ನಮ್ಮ ಯಾದಗಿರಿ ಇತ್ತು. ದಾವಣಗೆರೆಯ ಹಿಮೋಫಿಲಿಯಾ ಸೊಸೈಟಿ, ರಕ್ತ ಹೆಪ್ಪುಗಟ್ಟದ ಕಾಯಿಲೆಯವರನ್ನು ಸುತ್ತಲ ಜಿಲ್ಲೆಗಳಿಂದ ಹುಡುಕಿ ಕರೆತಂದು, ಸರ್ಕಾರ ಕೇಳದೆಯೂ ಈ ವಿದ್ಯೆಯನ್ನು ವರ್ಷಗಟ್ಟಲೆ ಆಚರಿಸಿದೆ. ಅಲ್ಲಿ ಕೆಲಸ ಮಾಡುವವರಿಗೆ ಗೊತ್ತಿರುವುದನ್ನು ಯಾವ ಎಂಎಸ್ಸಿ ತರಗತಿಯೂ ಕಲಿಸುವುದಿಲ್ಲ.

ಅದೇನೆಂದರೆ ವಂಶವೃಕ್ಷ ಬರೆಯುವುದು. ಪುಸ್ತಕದಲ್ಲಿ ಅದು ಅರ್ಧ ಗಂಟೆಯ ಪಾಠ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಕಾಯಿಲೆಯಿದ್ದರೆ ಒಳಗೆ ಕಪ್ಪು, ತೀರಿಕೊಂಡಿದ್ದರೆ ಅಡ್ಡಗೀಟು, ಸಂಬಂಧದಲ್ಲಿ ಮದುವೆಯಾಗಿದ್ದರೆ ಜೋಡಿಗೆರೆ. ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಕೂತ ತಾಯಿಯ ಮುಂದೆ ಅದು ಬೇರೆಯೇ ಆಗುತ್ತದೆ. ಸಂಬಂಧದಲ್ಲಿ ಮದುವೆಯೇ ಎಂದು ಫಾರಂ ನೋಡಿಕೊಂಡು ಕೇಳಿದರೆ ‘ಇಲ್ಲ ಸಾರ್’ ಎಂಬ ಉತ್ತರ ಬರುತ್ತದೆ. ಬೈಸಿಕೊಳ್ಳಬೇಕಾದೀತು ಎಂಬ ಅಂಜಿಕೆ. ಕೇಳಬೇಕಾದ ರೀತಿ ಹೀಗೆ: ‘ನಿಮ್ಮ ಯಜಮಾನರು ಮದುವೆಗೆ ಮುಂಚೆ ನಿಮಗೆ ಏನಾಗಬೇಕಿತ್ತಮ್ಮಾ?’ ಆಗ ಆಕೆ ನಕ್ಕು, ‘ನಮ್ ಮಾವನೇ, ನಮ್ಮವ್ವನ ತಮ್ಮ’ ಎನ್ನುತ್ತಾಳೆ. ಬರೆಯುತ್ತಾ ಹೋದರೆ ಆಕೆಯ ಅತ್ತೆಯೇ ಆಕೆಯ ಅಜ್ಜಿ. ಆ ಅಜ್ಜಿಯೂ ತನ್ನ ಸೋದರತ್ತೆಯ ಮಗನನ್ನೇ ಮದುವೆಯಾದವಳು. ಮರದಂತೆ ಕವಲೊಡೆಯಬೇಕಾದ ಚಿತ್ರ ಬಲೆಯಂತೆ ಹೆಣೆದುಕೊಳ್ಳುತ್ತದೆ. ಹುಟ್ಟಿ ಮೂರೇ ದಿನಕ್ಕೆ ಹೋದ ಕೂಸುಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವಾದ್ದರಿಂದ ‘ಮಕ್ಕಳೆಷ್ಟು’ ಎಂದು ಕೇಳಿದರೆ ಸಾಲದು, ‘ಎಷ್ಟು ಹೆರಿಗೆ ಆಯ್ತು, ಎಷ್ಟು ನಿಂತವು’ ಎಂದು ಕೇಳಬೇಕು. ಸೀಳುತುಟಿಯ ಮಗುವಿದ್ದರೆ ಗ್ರಹಣದ ಮಾತು ಬರುತ್ತದೆ. ಅದನ್ನು ಗೇಲಿ ಮಾಡದೆ ಕೇಳಿಸಿಕೊಂಡರೆ ಮಾತ್ರ ಅದರ ಹಿಂದಿನ ವಿಷಯವೂ ಬರುತ್ತದೆ. ಅತ್ತೆ ಪಕ್ಕದಲ್ಲಿದ್ದರೆ ಸೊಸೆ ತೌರಿನ ಕಾಯಿಲೆಯ ಬಗ್ಗೆ ಬಾಯಿ ಬಿಡುವುದಿಲ್ಲ. ದೋಷ ಹೆಣ್ಣಿನ ಕಡೆಯಿಂದಲೇ ಬಂತು ಎನ್ನಲು ಮನೆಯವರು ಕಾದಿರುತ್ತಾರೆ ಎಂಬುದು ಆಕೆಗೆ ಗೊತ್ತು.

ಈ ನಂಟಿನ ಬಲೆ ಜಿಲ್ಲೆಯ ಗಡಿಯಲ್ಲಿ ನಿಲ್ಲುವುದೂ ಇಲ್ಲ. ಮೊಳಕಾಲ್ಮೂರಿಗೆ ಜಿಲ್ಲಾಕೇಂದ್ರ ಚಿತ್ರದುರ್ಗಕ್ಕಿಂತ ಆಂಧ್ರದ ರಾಯದುರ್ಗ ಬಹಳ ಹತ್ತಿರ. ಕನ್ನಡ, ತೆಲುಗು ಎರಡನ್ನೂ ಆಡುವ ಮನೆಗಳು. ಹೆಣ್ಣು ಕೊಟ್ಟು ತರುವುದು ರಾಯದುರ್ಗ, ಕಲ್ಯಾಣದುರ್ಗದವರೆಗೂ ಹಬ್ಬಿದೆ. ಮಗಳ ಚೊಚ್ಚಲ ಹೆರಿಗೆ ತೌರಿನಲ್ಲಿ ಆಂಧ್ರದಲ್ಲಿ, ಎರಡನೆಯದು ಇಲ್ಲಿ. ತಾಯಿ ಕಾರ್ಡು ಎರಡು ರಾಜ್ಯದ್ದು, ತೀರಿಕೊಂಡ ಕೂಸಿನ ದಾಖಲೆ ಒಂದು ಕಡೆಯಲ್ಲೂ ಇಲ್ಲ. ರಾಜ್ಯವಾರು ಅಂಕಿಅಂಶ ನಂಬಿಕೊಂಡು ಸಂಶೋಧನೆ ಮಾಡುವವರಿಗೆ ಇಂಥ ಮನೆತನ ಯಾವತ್ತೂ ಪೂರ್ತಿಯಾಗಿ ಕಾಣುವುದಿಲ್ಲ.

ವಂಶಾವಳಿ ಎಂದ ಕೂಡಲೇ ಹೆಳವರ ನೆನಪಾಗುತ್ತದೆ. ಎತ್ತಿನ ಮೇಲೆ ಊರೂರು ತಿರುಗಿ, ಮನೆತನದ ಹೆಸರುಗಳನ್ನು ಹತ್ತಾರು ತಲೆಮಾರು ಹಿಂದಕ್ಕೆ ಓದಿ ಹೇಳುವ ಹೆಳವರ ಹೊತ್ತಿಗೆಗಳು ತಳಿವಿಜ್ಞಾನಿಗೆ ನಿಧಿ ಎಂದು ಆಗಾಗ ಉತ್ಸಾಹದ ಮಾತು ಕೇಳಿಬರುತ್ತದೆ. ನನಗೆ ಅಷ್ಟು ಭರವಸೆಯಿಲ್ಲ. ಅವು ಮುಖ್ಯವಾಗಿ ಗಂಡಸರ ಸಾಲು. ಯಾರು ಎಲ್ಲಿಂದ ಬಂದು ನೆಲೆನಿಂತರು ಎಂಬುದಕ್ಕೆ ಅಮೂಲ್ಯ. ಯಾರ ಹೊಟ್ಟೆಯಲ್ಲಿ ಯಾವ ಕೂಸು ಉಳಿಯಲಿಲ್ಲ ಎಂಬುದಕ್ಕೆ ಅಲ್ಲ. ಅದು ಇರುವುದು ಅಜ್ಜಿಯರ ನೆನಪಿನಲ್ಲಿ ಮಾತ್ರ.

ಇಷ್ಟು ಬರೆದ ಮೇಲೆ ಅಪಾಯದ ಮಾತನ್ನೂ ಆಡಬೇಕು. ಬುಡಕಟ್ಟು, ಜಾತಿ, ರಕ್ತ ಎಂಬ ಮೂರು ಮಾತು ಒಟ್ಟಿಗೆ ಬಂದಾಗಲೆಲ್ಲ ವಿಜ್ಞಾನ ಎಡವಿದ ಚರಿತ್ರೆಯಿದೆ. ಬ್ರಿಟಿಷ್ ಕಾಲದ ಥರ್ಸ್ಟನ್ ಮೊದಲಾದ ಜನಾಂಗ ಅಧ್ಯಯನಕಾರರು ಜನರ ಮೂಗು ಅಳೆದು ಜಾತಿಗಳಿಗೆ ಅಂತಸ್ತು ಕಟ್ಟಿದರು. ಈಗ ಮೂಗಿನ ಬದಲು ಡಿಎನ್ಎ. ಜೀನೋಮ್ ಇಂಡಿಯಾ ಯೋಜನೆ 83 ಸಮುದಾಯಗಳ ಸುಮಾರು 10,000 ಜನರ ಜೀನೋಮ್ ಓದಿ, 2025ರ ಜನವರಿಯಲ್ಲಿ ದತ್ತಾಂಶವನ್ನು ಸಂಶೋಧಕರಿಗೆ ತೆರೆದಿದೆ. ಮುಂದಾಳತ್ವ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದ್ದು. ಒಳ್ಳೆಯ ಕೆಲಸ. ಆದರೆ ಚಳ್ಳಕೆರೆ, ಮೊಳಕಾಲ್ಮೂರು ಎರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ಅದೇ ಸೀಮೆಯ ಕಾಡುಗೊಲ್ಲರು ತಮ್ಮನ್ನೂ ಆ ಪಟ್ಟಿಗೆ ಸೇರಿಸಿ ಎಂದು ವರ್ಷಗಳಿಂದ ಕೇಳುತ್ತಿದ್ದಾರೆ. ಇಂಥಲ್ಲಿ ರಕ್ತದ ಮಾದರಿ ತೆಗೆದುಕೊಳ್ಳುವ ಸಂಶೋಧಕ ಮೊದಲೇ ಸ್ಪಷ್ಟಪಡಿಸಬೇಕು: ಯಾರು ಬುಡಕಟ್ಟು, ಯಾರು ಅಲ್ಲ ಎಂಬುದನ್ನು ಜೀನೋಮ್ ತೀರ್ಮಾನಿಸುವುದಿಲ್ಲ, ತೀರ್ಮಾನಿಸಕೂಡದು. ಸಂವಿಧಾನದ ಪಟ್ಟಿ ಅವಕಾಶವಂಚನೆ, ಹಿಂದುಳಿಕೆಗಳ ಲೆಕ್ಕದ್ದು.

ಇನ್ನೊಂದು ಅಪಾಯ ಪರೀಕ್ಷೆಯ ಕಾರ್ಡಿನದು. ವಂಶದಲ್ಲಿ ಬರುವ ಕುಡಗೋಲು ಕಣ (ಸಿಕಲ್ ಸೆಲ್) ರಕ್ತಹೀನತೆಯ ರಾಷ್ಟ್ರೀಯ ಅಭಿಯಾನ 2023ರ ಜುಲೈ 1ರಂದು ಶುರುವಾಗಿದೆ. 2047ರೊಳಗೆ ಕಾಯಿಲೆಯನ್ನು ಇಲ್ಲವಾಗಿಸುವ ಗುರಿಯಿಟ್ಟುಕೊಂಡು, ಬುಡಕಟ್ಟು ಪ್ರದೇಶಗಳ 7 ಕೋಟಿ ಜನರನ್ನು ಪರೀಕ್ಷಿಸುವ ಯೋಜನೆ ಅದು. ಪರೀಕ್ಷೆಯಾದವರಿಗೆ ಕಾರ್ಡು ಕೊಡುತ್ತಾರೆ. ಮದುವೆಗೆ ಮುನ್ನ ಎರಡು ಕಡೆಯವರೂ ನೋಡಿಕೊಳ್ಳಲಿ ಎಂಬ ಉದ್ದೇಶ. ಕಾಗದದ ಮೇಲೆ ಇದು ಚೆನ್ನ. ಹಟ್ಟಿಯಲ್ಲಿ ಏನಾಗಬಹುದು? ವಾಹಕ ಎಂದು ಬರೆದ ಹುಡುಗನ ಕಾರ್ಡು ಪೆಟ್ಟಿಗೆ ಸೇರುತ್ತದೆ, ಹುಡುಗಿಯದು ಊರೆಲ್ಲ ಸುತ್ತುತ್ತದೆ. ಕಾಯಿಲೆಯೇ ಇಲ್ಲದ ಹುಡುಗಿಗೆ ಕಾಯಿಲೆಯವಳೆಂಬ ಪಟ್ಟ. ಕಾರ್ಡು ಕೊಡುವುದು ಅರ್ಧ ಕೆಲಸ. ವಾಹಕ ಎಂದರೆ ಏನು ಎಂದು ಗಂಡಸರ ಎದುರು ಬಿಡಿಸಿ ಹೇಳುವುದು ಉಳಿದರ್ಧ. ಅದಕ್ಕೆ ತರಬೇತಿಯಾದ ಆಪ್ತಸಮಾಲೋಚಕರು ಬೇಕು. ಅವರ ಹುದ್ದೆ ತಾಲ್ಲೂಕು ಆಸ್ಪತ್ರೆಯ ಮಂಜೂರಾತಿ ಪಟ್ಟಿಯಲ್ಲಿ ಇರಬೇಕು.

ಸಂಬಂಧದ ಮದುವೆಯ ವಿಷಯದಲ್ಲೂ ಅಷ್ಟೇ. ಜಮೀನು ಹೊರಗೆ ಹೋಗದಿರಲಿ, ವರದಕ್ಷಿಣೆಯ ಹೊರೆ ಬೀಳದಿರಲಿ, ಮಗಳು ಕಣ್ಣೆದುರೇ ಇರಲಿ ಎಂಬ ಕಾರಣಗಳಿಗೆ ಈ ಪದ್ಧತಿ ಉಳಿದು ಬಂದಿದೆ. ಮಳೆ ರಾಜ್ಯದಲ್ಲೇ ಅತಿ ಕಡಿಮೆ ಬೀಳುವ, ಎರಡು ಬೆಳೆ ಕೈಕೊಟ್ಟರೆ ಗುಳೆ ಹೋಗಬೇಕಾದ ಸೀಮೆಯಲ್ಲಿ ನಂಟರೇ ವಿಮೆ. ಆ ವಿಮೆಯನ್ನು ಬಿಡಿ ಎನ್ನುವವರು ಬದಲಿಗೆ ಏನು ಕೊಡುತ್ತೀರಿ ಎಂಬ ಪ್ರಶ್ನೆಗೂ ತಯಾರಿರಬೇಕು. ಹೆಣ್ಣುಮಕ್ಕಳು ಹೆಚ್ಚು ಓದಿ, ಮದುವೆಯ ವಯಸ್ಸು ಮುಂದೆ ಹೋದಲ್ಲಿ ಸೋದರಮಾವನ ಮದುವೆ ಯಾರೂ ಬಯ್ಯದೆಯೇ ಹಿಂದೆ ಸರಿಯುತ್ತದೆ. ಅಲ್ಲಿಯವರೆಗೆ, ಆಗಿರುವ ಮದುವೆಗಳಿಗೆ ಬೇಕಾದದ್ದು ಬಸಿರಿಗೆ ಮುಂಚಿನ ಸಲಹೆ, ಹೆರಿಗೆಯ ಮೂರನೇ ದಿನದ ಹಿಮ್ಮಡಿಯ ರಕ್ತದ ಹನಿ, ಕಿವಿ ಕೇಳುತ್ತದೆಯೇ ಎಂಬ ಪರೀಕ್ಷೆ.

ಹೊಸ ವಿಶ್ವವಿದ್ಯಾಲಯ ಕಟ್ಟಬೇಕಿಲ್ಲ. ಚಳ್ಳಕೆರೆಯ ಬಳಿ ಕುದಾಪುರದಲ್ಲಿ ವಿಜ್ಞಾನ ಸಂಸ್ಥೆಗೆ 1,500 ಎಕರೆಯ ಎರಡನೇ ಆವರಣವಿದೆ. ಅಲ್ಲಿ ಶಿಕ್ಷಕರ ತರಬೇತಿ ನಡೆದುಬಂದಿದೆ. ಅಮೃತಮಹಲ್ ಕಾವಲಿನ ಹುಲ್ಲುಗಾವಲನ್ನು ಕಳೆದುಕೊಂಡು ಆ ನೆಲ ಬಿಟ್ಟುಕೊಟ್ಟ ಸುತ್ತಲ ಹಳ್ಳಿಗಳಿಗೆ ಸಂಸ್ಥೆಯಿಂದ ಬರಬೇಕಾದ ಬಾಕಿ ದೊಡ್ಡದು. ಚಿತ್ರದುರ್ಗದ ಹೊರವಲಯದ ಜಿ.ಆರ್.ಹಳ್ಳಿಯಲ್ಲಿ ದಾವಣಗೆರೆ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿದೆ. ಜಿಲ್ಲೆಗೆ ಈಚೆಗೆ ಸರ್ಕಾರಿ ವೈದ್ಯಕೀಯ ಕಾಲೇಜೂ ಬಂದಿದೆ. ಮೂರೂ ಸಂಸ್ಥೆಗಳು ಕೂಡಿ ಎರಡು ವರ್ಷದ ಒಂದು ಪದವಿ ನಡೆಸಬಹುದು. ಮೊದಲ ವರ್ಷ ತರಗತಿ, ಎರಡನೇ ವರ್ಷ ಪೂರ್ತಿ ತಳಕು, ನಾಯಕನಹಟ್ಟಿ, ರಾಂಪುರದಂಥ ಆರೋಗ್ಯ ಕೇಂದ್ರಗಳಲ್ಲಿ, ಆಶಾ ಕಾರ್ಯಕರ್ತೆಯರ ಜೊತೆ. ಪ್ರತಿ ವಿದ್ಯಾರ್ಥಿ ಮುಗಿಸಿ ಹೋಗುವಾಗ ಕನ್ನಡದಲ್ಲಿ, ಮನೆಯವರ ಒಪ್ಪಿಗೆಯೊಂದಿಗೆ ಬರೆದ ಐವತ್ತು ವಂಶವೃಕ್ಷಗಳನ್ನು ಒಪ್ಪಿಸಲಿ. ಪಕ್ಕದಲ್ಲೇ ಆ ಊರಿನ ನೀರಿನ ಫ್ಲೋರೈಡ್ ಅಂಕಿ ಇರಲಿ. ಹೆಸರುಗಳು ಗುಪ್ತವಾಗಿರಲಿ, ದತ್ತಾಂಶ ಜಿಲ್ಲೆಯಲ್ಲೇ ಉಳಿಯಲಿ. ಸರ್ಕಾರ ಮಾಡಬೇಕಾದದ್ದು ಒಂದೇ: ತಾಲ್ಲೂಕಿಗೊಂದು ತಳಿ ಆಪ್ತಸಮಾಲೋಚಕರ ಕಾಯಂ ಹುದ್ದೆ. ಹುದ್ದೆ ಇಲ್ಲದೆ ಪದವಿ ಶುರು ಮಾಡಿದರೆ ಓದಿದ ಹುಡುಗಿಯರು ಬೆಂಗಳೂರಿನ ಖಾಸಗಿ ಜೀನೋಮ್ ಕಂಪನಿಗಳಿಗೆ ಹೋಗುತ್ತಾರೆ, ಹೋದರೆ ಅವರನ್ನು ದೂರುವಂತಿಲ್ಲ.